ಹನ್ನೊಂದು ದಾರ, ಹನ್ನೆರಡು ಪೊಟ್ಟಣ

ಆ ವಾರ ನಾನು ಬರೆಯಬೇಕಿದ್ದದ್ದು ಬೇರೆಯೇ ಒಂದು ಬರಹ. ಭಾನುವಾರದ ಪುಟ ನೋಡಿಕೊಳ್ಳುವವರು ಬೆಂಗಳೂರಿನಿಂದ ಫೋನ್ ಮಾಡಿ, "ಪ್ರವಾಸಕ್ಕೆ ಹೋದವರು ಅಲ್ಲಿಂದ ಹೊತ್ತು ತರ್ತಾರಲ್ಲ ಸಾಮಾನು, ಅದರಿಂದ ನಿಜವಾಗಿ ಏನಾದ್ರೂ ಉಪಯೋಗ ಇದೆಯಾ? ನಾನೂರು ಪದ ಬರೀರಿ, ಹಗುರವಾಗಿರಲಿ" ಎಂದಿದ್ದರು. ಹೊಸೂರು ಬಸ್ ನಿಲ್ದಾಣದಲ್ಲಿ ಒಂದು ಸಂಜೆ ನಿಂತು ಹತ್ತಾರು ಜನರನ್ನು ಮಾತಾಡಿಸಿ ಅರ್ಧ ಬರೆದಿಟ್ಟಿದ್ದೆ. ಪುರಾವೆ ನನ್ನ ಮೇಜಿನ ಮೇಲೆಯೇ ಇತ್ತು. ಯಾರೋ ಕೊಟ್ಟ, ಕುತ್ತಿಗೆ ಅಲ್ಲಾಡುವ ಕಪ್ಪೆಚಿಪ್ಪಿನ ಆಮೆ, ಬೀಗವೇ ಇಲ್ಲದ ಕೀ ಗೊಂಚಲು, ದಂತ ಮುರಿದ ಮರದ ಆನೆ. ಯಾವುದೂ ಒಂದು ದಿನವೂ ಕೆಲಸಕ್ಕೆ ಬಂದದ್ದಲ್ಲ. ಬರಹದ ಮೊದಲ ಸಾಲಿನಲ್ಲೇ ಹಾಗೆಂದು ತೀರ್ಪು ಕೊಟ್ಟಿದ್ದೆ.

ಸೋಮವಾರ ಕೃಷ್ಣಗಿರಿಯ ಸರದಿ ನನ್ನದು. ಈ ಸರದಿ ಏನೆಂದು ಹೇಳಬೇಕು. ಹೊಸೂರಿನಿಂದ ಕೃಷ್ಣಗಿರಿಯವರೆಗಿನ ಹೆದ್ದಾರಿಯ ಸುದ್ದಿ ನೋಡುವವರು ನಾವು ನಾಲ್ವರು. ನಾನು ಕನ್ನಡ ಪತ್ರಿಕೆಗೆ, ಉಳಿದ ಮೂವರು ತಮಿಳು ಪತ್ರಿಕೆಗಳಿಗೆ. ನಾಲ್ವರೂ ದಿನವೂ ಎಲ್ಲ ಠಾಣೆಗಳಿಗೆ ಸುತ್ತುವುದು ಆಗದ ಮಾತು. ಹಾಗಾಗಿ ಒಬ್ಬರು ಹೋಗುವುದು, ಬರೆದದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಉಳಿದವರು ತಮ್ಮ ಭಾಷೆಗೆ ಮಾಡಿಕೊಂಡು ಕಳಿಸುವುದು. ಯಾವ ಸಂಪಾದಕರೂ ಒಪ್ಪಿದ ಪದ್ಧತಿಯಲ್ಲ. ಆದರೆ ವರ್ಷಗಳಿಂದ ನಡೆದು ಬಂದಿದೆ. ಒಬ್ಬ ಮಾಡಿದ ತಪ್ಪು ನಾಲ್ಕು ಪತ್ರಿಕೆಗಳಲ್ಲಿ, ಎರಡು ಭಾಷೆಗಳಲ್ಲಿ ಬರುತ್ತದೆ ಎಂಬುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಕೆಡಿಸಿಕೊಂಡಿರಲಿಲ್ಲ.

ಠಾಣೆಯ ಮುಖ್ಯ ಪೇದೆ ಬಾಗಲೂರು ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. "ಬನ್ನಿ ಸಾರ್. ದೊಡ್ಡದೇನಿಲ್ಲ ಇವತ್ತು. ನೆನ್ನೆ ಮಧ್ಯಾಹ್ನ ಮೇಲ್ಸೇತುವೆ ಹತ್ರ ಒಬ್ರು ರೋಡ್ ದಾಟ್ತಾ ಇದ್ರು, ಯಾವ್ದೋ ಗಾಡಿ ಹೊಡೆದು ಹೋಗ್ಬುಟ್ಟೈತೆ. ಆಸ್ಪತ್ರೇಲಿ ಅವ್ರೆ, ಎಚ್ಚರ ಇಲ್ಲ. ಯಾರು ಎತ್ತ ಗೊತ್ತಿಲ್ಲ. ಪಾಪ, ಬಳೆ ವ್ಯಾಪಾರಿ" ಎಂದರು.

"ವ್ಯಾಪಾರಿ ಅಂತ ಹೆಂಗೆ ಗೊತ್ತಾಯ್ತು?"

"ಚೀಲದ ತುಂಬ ಬಳೆ ಸಾರ್. ಮನೆಗೆ ತಗೊಂಡೋಗೋನು ಅಷ್ಟು ತಗೊಂಡೋಗ್ತಾನಾ? ಎಲ್ಲಾ ರಾಮೇಶ್ವರದ ಅಂಗಡಿ ಪೇಪರ್‌ನಾಗೆ ಸುತ್ತೈತೆ. ಆ ಕಡೆಯೋನು. ರಾಮನಾಥಪುರಕ್ಕೆ ಮೆಸೇಜ್ ಕೊಟ್ಟಿದೀವಿ."

ಚೀಲವನ್ನು ಮೇಜಿನ ಮೇಲೆ ತೆಗೆದು ತೋರಿಸಿದರು. ಅವರ ಪಟ್ಟಿ ತಮಿಳಿನಲ್ಲಿತ್ತು. ನಾನು ಪುಸ್ತಕದಲ್ಲಿ ಇಳಿಸಿಕೊಂಡೆ: ಪಂಚೆ ಒಂದು, ಟವಲು ಒಂದು, ಗಾಜಿನ ಬಳೆಯ ಪೊಟ್ಟಣ ಹನ್ನೆರಡು, 'ರಾಮೇಶ್ವರಂ' ಎಂದು ಬಣ್ಣದಲ್ಲಿ ಬರೆದ ಸಣ್ಣ ಶಂಖ ಎರಡು, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿದ ತೀರ್ಥದ ಬಾಟಲಿ ಒಂದು, ದಾರದ ಉಂಗುರ ಹನ್ನೊಂದು. ಫೋನ್ ಇಲ್ಲ, ಆಧಾರ್ ಕಾರ್ಡ್ ಇಲ್ಲ.

ದಾರದ ಉಂಗುರ ಎಂದದ್ದು ಪೇದೆಯವರೇ ಇಟ್ಟ ಹೆಸರು. ಒಂದು ಸೀರೆಯ ಅಂಚಿನ ಚೂರು, ಒಂದು ಗೋಣಿದಾರ, ಒಂದು ಟೊಮೆಟೊ ಗಿಡ ಕಟ್ಟುವ ಹಸಿರು ಪ್ಲಾಸ್ಟಿಕ್ ಹುರಿ, ಒಂದು ಕೆಂಪು ಉಲನ್. ಹೀಗೆ ಹನ್ನೊಂದು ಬಗೆ. ಪ್ರತಿಯೊಂದನ್ನೂ ವೃತ್ತ ಮಾಡಿ ಗಂಟು ಹಾಕಿತ್ತು. ಎಲ್ಲವನ್ನೂ ಒಟ್ಟಿಗೆ ಪೋಣಿಸಿ ಒಂದು ಸೇಫ್ಟಿ ಪಿನ್ನಿಗೆ ಸಿಕ್ಕಿಸಿತ್ತು.

ಸಂಖ್ಯೆಗಳು ಹೊಂದದಿದ್ದರೆ ಕೇಳುವುದು ನಮ್ಮ ಕಸುಬಿನ ಚಟ. "ಪೊಟ್ಟಣ ಹನ್ನೆರಡು, ಇದು ಹನ್ನೊಂದು. ಒಂದು ಕಮ್ಮಿ ಇದೆಯಲ್ಲ" ಎಂದೆ.

"ಕಟ್ಟೋ ದಾರ ಇರ್ಬೇಕು ಸಾರ್. ಒಂದು ಬಿದ್ದೋಗಿರುತ್ತೆ."

ಪುಸ್ತಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಸುಮಾರು ಅರವತ್ತರ ಮನುಷ್ಯ. ತಲೆಗೆ ಕಟ್ಟು, ಮುಖ ಊದಿಕೊಂಡಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಹೆತ್ತ ತಾಯಿಯೂ ಗುರುತಿಸಲಾರದ ಸ್ಥಿತಿ. ಪತ್ರಿಕೆಯಲ್ಲಿ ಹಾಕುವ ಚಿತ್ರ ಅದಲ್ಲ. ವೈದ್ಯರು ಎರಡೇ ಮಾತು ಹೇಳಿದರು: ತಲೆಗೆ ಪೆಟ್ಟು, ಕಾದು ನೋಡಬೇಕು. ಸಂಬಂಧಿಕರಿದ್ದರೆ ಬೇಗ ಬರಲಿ.

ಹೊರಗೆ ಬೆಂಚಿನ ಮೇಲೆ ಕೂತು ಸುದ್ದಿ ಬರೆದೆ. ಅಪರಿಚಿತರ ಸುದ್ದಿಗೆ ನಮ್ಮಲ್ಲಿ ಒಂದು ಅಚ್ಚು ಇದೆ. ವಯಸ್ಸು, ಬಟ್ಟೆ, ಬಳಿಯಲ್ಲಿದ್ದ ವಸ್ತು, ಪೊಲೀಸರ ಅನುಮಾನ, ಅಷ್ಟೆ. ಹತ್ತು ಸಾಲು ಮೀರಿದರೆ ಡೆಸ್ಕಿನಲ್ಲಿ ಕತ್ತರಿಸುತ್ತಾರೆ. ಬರೆದು ಎಣಿಸಿದರೆ ಹನ್ನೆರಡು ಸಾಲಾಗಿತ್ತು. 'ಬಗೆಬಗೆಯ ದಾರಗಳಿಂದ ಮಾಡಿದ ಹನ್ನೊಂದು ಉಂಗುರಗಳು' ಎಂಬ ಭಾಗವನ್ನು ನಾನೇ ತೆಗೆದೆ. ಶಂಖ ಉಳಿಸಿಕೊಂಡೆ, ಅದರ ಮೇಲೆ ಊರ ಹೆಸರಿತ್ತು. 'ರಾಮೇಶ್ವರ ಕಡೆಯ ಬಳೆ ವ್ಯಾಪಾರಿ ಎನ್ನಲಾದ' ಎಂದು ಶುರು ಮಾಡಿ ಗುಂಪಿಗೆ ಹಾಕಿದೆ. ಮೂವರೂ ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸಿದರು.

ಮಂಗಳವಾರ ನಾಲ್ಕೂ ಪತ್ರಿಕೆಗಳಲ್ಲಿ ಬಂತು. ಯಾರ ಫೋನೂ ಬರಲಿಲ್ಲ.

ಬುಧವಾರ ನನ್ನ ಸರದಿ ಅಲ್ಲದಿದ್ದರೂ ಬೇರೆ ಕೆಲಸಕ್ಕೆ ಕೃಷ್ಣಗಿರಿಗೆ ಹೋದವನು ಆಸ್ಪತ್ರೆಗೂ ಹೋದೆ. ಸ್ಥಿತಿ ಹಾಗೆಯೇ ಇತ್ತು. ಹಸಿರು ಸೀರೆಯ ಆಯಾ ಒಬ್ಬರು ಒದ್ದೆ ಹತ್ತಿಯಿಂದ ಅವರ ತುಟಿ ಒರೆಸುತ್ತಿದ್ದರು. "ಯಾರಾನ ಬಂದ್ರಾ ಸಾ?" ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ. "ಇಷ್ಟ್ ವಯಸ್ಸಾದೋರ್ಗೆ ಒಬ್ರಾದ್ರೂ ಇರ್ತಾರೆ" ಎಂದು ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು. ಚೀಲ ಆಗ ಠಾಣೆಯ ಬೀರುವಿನಲ್ಲಿತ್ತು. ಆಯಾ ಅದನ್ನು ಕಂಡಿರಲಿಲ್ಲ. ಕಾಣಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಠಾಣೆಗೆ ಹೋಗಿ ವಿಚಾರಿಸಿದೆ. ರಾಮನಾಥಪುರದಿಂದ ಉತ್ತರ ಬಂದಿತ್ತು. ಆ ಕಡೆ ಕಾಣೆಯಾದ ಬಳೆ ವ್ಯಾಪಾರಿ ಯಾರೂ ಇಲ್ಲ.

ಗುರುವಾರ ಬೆಳಿಗ್ಗೆ ಅವರು ತೀರಿಕೊಂಡರು.

ಸುದ್ದಿಯ ಮುಂದುವರಿಕೆ ಎಂದರೆ ಇನ್ನು ಎರಡು ಸಾಲು. 'ಚಿಕಿತ್ಸೆ ಫಲಕಾರಿಯಾಗದೆ' ಎಂದು ಮನೆಯಿಂದಲೇ ಬರೆಯಬಹುದಿತ್ತು. ಆದರೂ ಹೋದೆ. ಶವಾಗಾರದ ಮುಂದೆ ಮುಖ್ಯ ಪೇದೆ ಮಹಜರಿಗಾಗಿ ಚೀಲ ತಂದು, ಕಟ್ಟೆಯ ಮೇಲೆ ಒಂದೊಂದಾಗಿ ಸಾಮಾನು ಇಡುತ್ತ ಪಟ್ಟಿಗೆ ತಾಳೆ ನೋಡುತ್ತಿದ್ದರು. ಪಾಳಿ ಮುಗಿಸಿ ಹೊರಟಿದ್ದ ಆ ಆಯಾ ಅಲ್ಲಿ ನಿಂತರು. ಕೈ ಚಾಚಿ ಸೇಫ್ಟಿ ಪಿನ್ನಿನ ಗೊಂಚಲು ಎತ್ತಿಕೊಂಡರು.

"ಇದ್ಯಾರ್ದು ಬಳೆ ದಾರ?"

"ಅವ್ರ್ದೇ ಅಮ್ಮಾ. ಬಳೆ ವ್ಯಾಪಾರಿದು. ಕೆಳಗಿಡು" ಎಂದರು ಪೇದೆ.

"ಯಾವನ್ ಹೇಳ್ದ ವ್ಯಾಪಾರಿ ಅಂತ?" ಆಯಾ ಕೆಳಗಿಡಲಿಲ್ಲ. "ಬಳೆ ಮಾರೋನ್ಗೆ ದಾರ ಯಾಕೆ ಬೇಕು ಸಾ? ಅವ್ನು ಕೈ ನೋಡ್ದೇಟ್ಗೆ ಅಳ್ತೆ ಹೇಳ್ತಾನೆ. ಇದು ಊರೋರು ಕೊಟ್ಟು ಕಳ್ಸೋದು. ನಮ್ ಬೆಟ್ಟಕ್ಕೆ ಬಳೆಗಾರ ಹತ್ತಿ ಬರಕ್ಕಿಲ್ಲ. ಯಾರಾನ ತೀರ್ಥಕ್ಕೆ ಹೊಂಟವ್ರೆ ಅಂದ್ರೆ ಮನೆಮನೇರೂ ಹಿಂಗೆ ಕೈಮಡ್ಚಿ, ಗೆಣ್ಣಿನ್ ಮ್ಯಾಲೆ ದಾರ ಸುತ್ತಿ, ಗಂಟಾಕಿ ಕೊಡ್ತೀವಿ. ಅವ್ರು ಅಂಗಡೀಲಿ ದಾರದ್ ಮ್ಯಾಲೆ ಬಳೆ ಇಟ್ಟು ನೋಡಿ ತತ್ತಾರೆ. ಎಲ್ಲಾರ್ದೂ ಒಂದೇ ದಾರ ಆದ್ರೆ ಯಾರ್ದು ಯಾವ್ದು ಅಂತ ಗೊತ್ತಾಗಲ್ವಲ್ಲ, ಅದ್ಕೆ ಮನೇಗೊಂದ್ ತರ."

ತಮ್ಮ ಕೈಯನ್ನೇ ಮಡಚಿ, ಗೋಣಿದಾರದ ಉಂಗುರವನ್ನು ಅದರ ಮೇಲೆ ಇಳಿಸಿ ತೋರಿಸಿದರು. ಅದು ಗೆಣ್ಣಿನ ಬಳಿ ನಿಂತಿತು. "ನೋಡಿ, ಇವ್ಳು ನನ್ಗಿಂತ ಸಣ್ಣೋಳು."

"ಯಾವ ಬೆಟ್ಟ ಅಮ್ಮಾ?" ಎಂದು ಕೇಳಿದೆ.

"ಅಂಚೆಟ್ಟಿ ಆಚೆ ಸಾ. ನಾಟ್ರಾಂಪಾಳ್ಯದ್ ದಾರಿ. ಬೇರೆ ಕಡೆನೂ ಇರ್ಬೋದು, ನಾನ್ ಕಂಡಿಲ್ಲ." ಉಂಗುರವನ್ನು ಮತ್ತೆ ಪಿನ್ನಿಗೆ ಸಿಕ್ಕಿಸಿ, "ಸೋಮವಾರ್ದಿಂದ ಮೈ ಒರ್ಸಿದೀನಿ. ನಮ್ಮೋರು ಅಂತ ಗೊತ್ತಾಗ್ಲಿಲ್ವಲ್ಲ" ಎಂದರು.

ಪೇದೆ ನನ್ನ ಮುಖ ನೋಡಿದರು, ನಾನು ಅವರ ಮುಖ. ಇಬ್ಬರಿಗೂ ಗೊತ್ತಿತ್ತು ಏನಾಗಿದೆ ಎಂದು. ರಾಮೇಶ್ವರದ ಸಾಮಾನು ಅವರು ಎಲ್ಲಿಗೆ ಹೋಗಿದ್ದರು ಎಂದು ಹೇಳುತ್ತಿತ್ತು. ಎಲ್ಲಿಗೆ ಮರಳುತ್ತಿದ್ದರು ಎಂದು ಹೇಳುತ್ತಿದ್ದುದು ದಾರ. ಊರ ಹೆಸರು ಬರೆದಿದ್ದನ್ನು ಓದಿದೆವು, ಬರೆಯದಿದ್ದನ್ನು ಬಿಟ್ಟೆವು.

"ಇನ್ನೆಷ್ಟು ದಿನ ಇಟ್ಟುಕೊಳ್ತೀರಿ?" ಎಂದೆ.

"ಶನಿವಾರ ಮಧ್ಯಾಹ್ನ ನಗರಸಭೆ ಗಾಡಿ ಬರುತ್ತೆ ಸಾರ್, ಮಣ್ಣು ಮಾಡಕ್ಕೆ. ಅಷ್ಟ್ರೊಳಗೆ ಯಾರಾದ್ರೂ ಬಂದ್ರೆ ಸರಿ. ಅಂಚೆಟ್ಟಿ ಠಾಣೆಗೆ ಈಗ್ಲೇ ಹೇಳ್ತೀನಿ. ಆದ್ರೆ ಅಲ್ಲಿ ಕಾಣೆ ದೂರು ಇಲ್ದೆ ಅವ್ರು ತಾನೆ ಯಾವ ಮನೆಗೆ ಅಂತ ಹೋಗ್ತಾರೆ?"

ದಾರಗಳನ್ನು ಕಟ್ಟೆಯ ಮೇಲೆ ಸಾಲಾಗಿ ಹರಡಿ, ಪಕ್ಕದಲ್ಲಿ ಅಳತೆಗೆ ನನ್ನ ಪೆನ್ನು ಇಟ್ಟು, ಒಂದೊಂದರ ಚಿತ್ರ ತೆಗೆದೆ. ಗುಂಪಿಗೆ ಹಾಕಿ, ನಾಳೆಗೆ ಇದನ್ನು ಪ್ರಕಟಿಸಿ ಎಂದು ಕೇಳಿದೆ. ಒಬ್ಬ ಮಿತ್ರ, "ಏನ್ ಗುರುವೇ, ಕಳೆದುಹೋದ ದಾರದ ಪ್ರಕಟಣೆಯಾ?" ಎಂದು ಬರೆದ. ವಿಷಯ ತಿಳಿಸಿದ ಮೇಲೆ ಅದನ್ನು ಅಳಿಸಿದ. ಜಾಗ ಸಿಕ್ಕರೆ ಹಾಕಿಸುತ್ತೇವೆ ಎಂದಷ್ಟೇ ಮೂವರೂ ಹೇಳಿದರು. ನಮ್ಮ ಡೆಸ್ಕಿಗೂ ಕಳಿಸಿದೆ. ಜಾಗ ಇಲ್ಲ, ಶುಕ್ರವಾರ ರಾತ್ರಿಯ ಪುಟಕ್ಕೆ ನೋಡೋಣ ಎಂದರು. ಎಂದರೆ ಶನಿವಾರದ ಪತ್ರಿಕೆ. ಬೆಟ್ಟದ ಊರುಗಳಿಗೆ ನಮ್ಮ ಪತ್ರಿಕೆಯ ಕಟ್ಟು ತಲುಪುವುದೇ ಹತ್ತು ಗಂಟೆಯ ಬಸ್ಸಿನಲ್ಲಿ.

ಶುಕ್ರವಾರ ಹೊಸೂರಿನಲ್ಲಿ ಸಚಿವರೊಬ್ಬರ ಕಾರ್ಯಕ್ರಮವಿತ್ತು, ಹೋಗಲೇಬೇಕಾದ ಕೆಲಸ. ಸುದ್ದಿ ಸಂಪಾದಕರಿಗೆ ಫೋನ್ ಮಾಡಿ ಹೋಗುವುದಿಲ್ಲ, ಅಂಚೆಟ್ಟಿಗೆ ಹೋಗುತ್ತೇನೆ ಎಂದೆ.

"ಅಲ್ಲೇನಿದೆ?"

"ಒಂದು ತಪ್ಪು ಸುದ್ದಿ ಕೊಟ್ಟಿದ್ದೆ."

"ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಇಲ್ಲ."

"ರಜೆ ಹಾಕಿ ಹೋಗಿ" ಎಂದರು. ಹಾಗೆಯೇ ಮಾಡಿದೆ. ಇಪ್ಪತ್ತು ವರ್ಷದ ಕೆಲಸದಲ್ಲಿ, ಬರೆದದ್ದರ ಹಿಂದೆ ರಜೆ ಹಾಕಿ ಹೋದದ್ದು ಅದೊಂದೇ ಸಲ.

ಬೆಳಿಗ್ಗೆಯ ಮೊದಲ ಬಸ್ಸಿಗೆ ಡೆಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ. ಅಂಚೆಟ್ಟಿಯಲ್ಲಿ ಇಳಿದು ಬಸ್ಸಿಗೆ ಕಾದಿದ್ದ ಹೆಂಗಸರಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಬಳೆ ದಾರ ಎಂದು ಎಲ್ಲರಿಗೂ ಗೊತ್ತಾಯಿತು, ಯಾರದೆಂದು ಗೊತ್ತಾಗಲಿಲ್ಲ. ಒಬ್ಬಾಕೆ, "ದಾರ ಹಿಡ್ಕೊಂಡು ಹೆಣ್ಣು ಹುಡುಕ್ತಾ ಇದೀರಾ ಸಾ? ಈ ವಯಸ್ನಾಗಾ?" ಎಂದಳು. ಉಳಿದವರು ನಕ್ಕರು. ಏಕೆ ಹುಡುಕುತ್ತಿದ್ದೇನೆ ಎಂದು ಹೇಳಿದಾಗ ನಗು ನಿಂತಿತು. ಆಮೇಲೆ ಅವರೇ ದಾರಿ ಹೇಳಿದರು. ಮೂರು ಊರಿನಿಂದ ಸೇರಿ ಒಂದು ವ್ಯಾನ್ ರಾಮೇಶ್ವರಕ್ಕೆ ಹೋಗಿದೆ, ಇನ್ನೂ ಬಂದಿಲ್ಲ, ಬರುವಾಗ ಇನ್ನೂ ನಾಲ್ಕಾರು ಕ್ಷೇತ್ರ, ಕೊನೆಗೆ ತಿರುವಣ್ಣಾಮಲೈ ನೋಡಿಕೊಂಡು ಬರುತ್ತಾರಂತೆ. ನಾಟ್ರಾಂಪಾಳ್ಯದ ಬಸ್ಸು ಹತ್ತಿ, ಮಧ್ಯೆ ಒಂದು ತಿರುವಿನಲ್ಲಿ ಇಳಿದು ನಡೆಯಬೇಕು.

ಆ ಬಸ್ಸು ಬಂದಾಗ ಹನ್ನೊಂದೂವರೆ. ಇಳಿದ ಮೇಲೆ ಒಂದು ಗಂಟೆ ನಡೆದೆ. ಮೊದಲ ಊರಿನಲ್ಲಿ ಯಾರೂ ಗುರುತಿಸಲಿಲ್ಲ. ಎರಡನೆಯ ಊರಿನ ಮೊದಲ ಮನೆಯ ಮುಂದೆ ಒಬ್ಬಾಕೆ ಟೊಮೆಟೊ ಕ್ರೇಟುಗಳನ್ನು ತೊಳೆಯುತ್ತಿದ್ದಳು. ಫೋನ್ ತೋರಿಸಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಹಸಿರು ಹುರಿಯ ಚಿತ್ರ ಬಂದಾಗ ಬೆರಳು ನಿಂತಿತು.

"ಇದು ನಂದು. ನೋಡಿ, ಗಂಟಿನ್ ತುದಿ ಬೆಂಕೀಲಿ ಸುಟ್ಟು ಅಂಟ್ಸಿದೀನಿ, ಬಿಚ್ಚೋಗ್ತದೆ ಅಂತ. ಅಣ್ಣನ ಕೈಲಿ ಕೊಟ್ಟಿದ್ದೆ. ನಿಮ್ಮತ್ರ ಹೆಂಗ್ ಬಂತು?"

ಉತ್ತರ ಹೇಳುವ ಮುಂಚೆಯೇ ಅವಳು ಒಳಗೆ ತಿರುಗಿ ಯಾರನ್ನೋ ಕೂಗಿದಳು. ಪಕ್ಕದ ಮನೆಯಿಂದ ಮೂವತ್ತರ ಒಬ್ಬ ಬಂದ. ತೀರಿಕೊಂಡವರ ತಮ್ಮನ ಮಗ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಆ ವಾರ ಊರಿನಲ್ಲಿದ್ದ. ಅವನಿಗೆ ಎಲ್ಲ ಹೇಳಿದೆ. ಅವನು ನಂಬಲಿಲ್ಲ.

"ದೊಡ್ಡಪ್ಪ ವ್ಯಾನ್‌ನಾಗವ್ರೆ ಸಾರ್. ನಾಳೆ ಬತ್ತಾರೆ ಎಲ್ಲಾರೂ."

ವ್ಯಾನ್ ಚಾಲಕನ ನಂಬರ್ ಇದ್ದವರನ್ನು ಹುಡುಕಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ಹೋಗಿ ಫೋನ್ ಮಾಡಿದ. ಎರಡನೆಯ ಸಲಕ್ಕೆ ಸಿಕ್ಕಿತು. ಸ್ಪೀಕರಿನಲ್ಲಿ ಚಾಲಕನ ದನಿ ನನಗೂ ಕೇಳಿತು. "ಅವ್ರು ಭಾನುವಾರ ಸೇಲಮ್ಮಲ್ಲೇ ಇಳ್ಕೊಂಡ್ಬುಟ್ರಲ್ಲಾ. ರಾಗಿ ತೆನೆ ಕಟ್ಟೈತೆ, ಆನೆ ಕಾಯಕ್ಕೆ ಅವ್ಳೊಬ್ಳೇ ಅವ್ಳೆ, ನಾನ್ ಬಸ್‌ನಾಗೆ ಹೋಗ್ತೀನಿ ಅಂದ್ರು. ಮನೆಗೆ ಫೋನ್ ಹಾಕಣ ಅಂದೆ. ಇವತ್ತು ಸಂಜೆಗೆ ನಾನೇ ಹೋಗಿ ನಿಂತ್ಕೊತೀನಲ್ಲ, ಫೋನ್ ಯಾಕೆ ಅಂದ್ರು. ಯಾಕ್ಲಾ, ಬಂದಿಲ್ವಾ?"

ಅವನು ಫೋನ್ ಇಟ್ಟ. ಮನೆಯವರು ವ್ಯಾನಿನಲ್ಲಿದ್ದಾರೆ ಎಂದುಕೊಂಡಿದ್ದರು, ವ್ಯಾನಿನವರು ಮನೆ ಸೇರಿದ್ದಾರೆ ಎಂದುಕೊಂಡಿದ್ದರು. ನಡುವಿನ ಐದು ದಿನ ಯಾರೂ ಅವರನ್ನು ಹುಡುಕಿರಲಿಲ್ಲ.

"ಪೇಪರ್‌ನಾಗೆ ಹಾಕ್ಬೇಕಿತ್ತು ಸಾರ್ ನೀವು" ಎಂದ.

"ಹಾಕಿದ್ದೆವು. ಮಂಗಳವಾರ."

ಅವನು ಯೋಚಿಸಿದ. ಅವನ ಮುಖದಲ್ಲಿ ಅದು ನೆನಪಾಗುವುದನ್ನು ನೋಡುತ್ತ ನಿಂತಿದ್ದೆ, ಬೇರೇನೂ ಮಾಡುವಂತಿರಲಿಲ್ಲ.

"ಬಳೆ ವ್ಯಾಪಾರಿ ಅಂತ ಒಂದಿತ್ತು. ಕೃಷ್ಣಗಿರಿ ಮೇಲ್ಸೇತುವೆ ಹತ್ರ. ಅಂಚೆಟ್ಟೀಲಿ ಕಟಿಂಗ್ ಮಾಡಿಸ್ತಾ ಓದ್ದೆ. ಯಾವನೋ ಪಾಪ ಅಂತ ಪುಟ ತಿರುಗ್ಸ್ದೆ." ಆಮೇಲೆ, "ದಾರ ಅಂತ ಒಂದ್ ಮಾತಿರ್ಲಿಲ್ಲ ಅದ್ರಾಗೆ" ಎಂದ.

"ಇರಲಿಲ್ಲ. ಬರೆದವನು ನಾನೇ. ಜಾಗಕ್ಕೆ ಅಂತ ತೆಗೆದೆ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. "ಮಂಗಳವಾರ ಇದ್ರಾ ಅವ್ರು?" ಎಂದು ಕೇಳಿದ. ಇದ್ದರು ಎಂದೆ. ಬುಧವಾರವೂ ಇದ್ದರು ಎಂದೂ ಹೇಳಿದೆ. ಕೇಳದಿದ್ದರೂ ಹೇಳಬೇಕು ಅನ್ನಿಸಿತು.

ಹೊಲ ಊರಿನಿಂದ ಸ್ವಲ್ಪ ಕೆಳಗೆ. ಕಾವಲಿನ ಅಟ್ಟಣೆಯ ಮೇಲೆ ಅವರ ಹೆಂಡತಿ ಕೂತಿದ್ದರು, ಕೈಯಲ್ಲಿ ಗಿಳಿ ಓಡಿಸುವ ತಗಡಿನ ಡಬ್ಬ. ಮೂವರು ಬರುತ್ತಿರುವುದನ್ನು ದೂರದಿಂದಲೇ ಕಂಡು ಬಡಿಯುವುದನ್ನು ನಿಲ್ಲಿಸಿದರು.

"ವ್ಯಾನು ಬಂತೇನ್ಲಾ?" ಎಂದು ಮೇಲಿನಿಂದಲೇ ಕೇಳಿದರು.

"ಇಳಿ ದೊಡ್ಡವ್ವಾ."

ಅವನು ಹೇಳಿದ. ಆಕೆ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತು ಕೇಳಿದರು. ಟೊಮೆಟೊ ಹುರಿಯ ಹೆಂಗಸು ಅಳತೊಡಗಿದಳು, ಆಕೆ ಅಳಲಿಲ್ಲ. ಮೊದಲ ಪ್ರಶ್ನೆ ನನಗೆ ಬಂತು.

"ಭಾನುವಾರ್ದಿಂದ ನೆನ್ನೆವರ್ಗೂ ಒಬ್ರೇ ಇದ್ರಾ?"

"ಆಯಾ ಒಬ್ಬರಿದ್ದರು. ನಿಮ್ಮ ಕಡೆಯವರೇ. ಮೈ ಒರೆಸಿದ್ದಾರೆ."

"ಬಾಯಿಗೆ ನೀರ್ ಬುಟ್ರಾ?"

ಒದ್ದೆ ಹತ್ತಿಯಿಂದ ತುಟಿ ಒರೆಸಿದ್ದನ್ನು ಹೇಳಿದೆ. ಆಕೆ ತಲೆಯಾಡಿಸಿದರು. "ತೀರ್ಥ ತತ್ತೀನಿ ಅಂದಿದ್ರು. ಇಬ್ರಲ್ಲಿ ಯಾರ್ ಮೊದ್ಲೋ ಅವ್ರ್ಗೆ ಆಗ್ತದೆ ಅಂತ."

ಆ ಬಾಟಲಿ ನಾಲ್ಕು ದಿನ ಠಾಣೆಯ ಬೀರುವಿನಲ್ಲಿತ್ತು. ನನ್ನ ಪುಸ್ತಕದಲ್ಲಿ, ಶಂಖದ ಕೆಳಗಿನ ಸಾಲಿನಲ್ಲಿತ್ತು. ಅದನ್ನು ಆಕೆಗೆ ಹೇಳಲಿಲ್ಲ.

ಮಿಕ್ಕದ್ದು ಕ್ರಮದಂತೆ ನಡೆಯಿತು. ಮುಖ್ಯ ಪೇದೆಗೆ ಫೋನ್ ಮಾಡಿ ನಗರಸಭೆಯ ಗಾಡಿಯನ್ನು ನಿಲ್ಲಿಸಿದೆ. ಪಡಿತರ ಚೀಟಿ, ಆಧಾರ್ ಕಾರ್ಡ್, ಊರಿನ ಗ್ರಾಮಾಧಿಕಾರಿಯ ಪತ್ರ, ಏನೇನು ಬೇಕು ಎಂದು ಬರೆದುಕೊಟ್ಟೆ. ಶನಿವಾರ ಬೆಳಿಗ್ಗೆ ಅವರ ತಮ್ಮನ ಮಗ ಮತ್ತು ಊರಿನ ನಾಲ್ವರು ಕೃಷ್ಣಗಿರಿಗೆ ಬಂದು ಗುರುತಿಸಿ ಸಹಿ ಮಾಡಿದರು. ಮುಖದ ಊತ ಇಳಿದಿರಲಿಲ್ಲ. ಎಡಗೈಯ ಮೊಂಡು ಬೆರಳು ನೋಡಿ ಗುರುತಿಸಿದರು. ಆ ಬೆರಳು ನನ್ನ ಸುದ್ದಿಯಲ್ಲೂ ಇರಲಿಲ್ಲ, ಪೊಲೀಸರ ಟಿಪ್ಪಣಿಯಲ್ಲೂ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ಆ ಕೈಗೆ ಕಟ್ಟು ಹಾಕಿತ್ತು. ಅಂದೇ ಸಂಜೆಯೊಳಗೆ ಊರಿನಲ್ಲಿ ಮಣ್ಣು ಮಾಡಿದರು. ತಿರುವಣ್ಣಾಮಲೈಯಿಂದ ಹೊರಟ ವ್ಯಾನು ಅದಕ್ಕೆ ಅರ್ಧ ಗಂಟೆ ಮುಂಚೆ ತಲುಪಿತು ಎಂದು ಆಮೇಲೆ ತಿಳಿಯಿತು.

ಭಾನುವಾರದ ಪುಟದವರು ಬರಹ ಕೇಳಿದರು. ಆಗಿಲ್ಲ ಎಂದೆ. ತಿದ್ದುಪಡಿ ಹಾಕಿ ಎಂದು ಸುದ್ದಿ ಸಂಪಾದಕರನ್ನು ಕೇಳಿದೆ. "ಹೆಸರೇ ಇಲ್ಲದ ಸುದ್ದಿಗೆ ತಿದ್ದುಪಡಿ ಯಾರಿಗೆ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಮೂರು ಸಲ ಕೇಳಿದ ಮೇಲೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು: ಬಳೆ ವ್ಯಾಪಾರಿ ಎಂದು ತಪ್ಪಾಗಿ ಪ್ರಕಟವಾಗಿದೆ, ಅವರು ತೀರ್ಥಯಾತ್ರೆಯಿಂದ ಮರಳುತ್ತಿದ್ದ ರೈತರು. ತಮಿಳು ಪತ್ರಿಕೆಗಳ ಮೂವರಲ್ಲಿ ಒಬ್ಬರು ಹಾಕಿಸಿದರು.

ಚೀಲ ಬಿಡುಗಡೆಯಾಗಲು ಇನ್ನೂ ಎರಡು ವಾರ ಹಿಡಿಯಿತು. ಅವರ ಹೆಂಡತಿ ಅದಕ್ಕಾಗಿ ಎರಡು ಸಲ ಹೇಳಿ ಕಳಿಸಿದ್ದರು. ಪರಿಹಾರದ ಅರ್ಜಿಯ ವಿಚಾರ ಆಕೆ ಒಮ್ಮೆಯೂ ಕೇಳಲಿಲ್ಲ, ಚೀಲ ಯಾವಾಗ ಬರುತ್ತದೆ ಎಂದಷ್ಟೇ ಕೇಳುತ್ತಿದ್ದರು. ಬಿಟ್ಟ ದಿನ ನಾನೂ ಅವರ ತಮ್ಮನ ಮಗನೊಡನೆ ಬಸ್ಸು ಹತ್ತಿದೆ. ಪತ್ರಿಕೆಯ ತುಣುಕು ಜೇಬಿನಲ್ಲಿತ್ತು.

ಮಧ್ಯಾಹ್ನದ ಬಿಸಿಲಲ್ಲಿ ಮನೆಯ ಜಗಲಿಯ ಮೇಲೆ ಹೆಂಗಸರು ಸೇರಿದರು. ನಾನು ತುಣುಕನ್ನು ಕೊಟ್ಟೆ. ಆಕೆಗೆ ಓದು ಬಾರದು, ತಮ್ಮನ ಮಗ ಓದಿ ಹೇಳಿದ. "ರೈತರು ಅಂತ ಹಾಕವ್ರಾ? ಸರಿ" ಎಂದು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು. ಪಟ್ಟಿಗೆ ಸಹಿಯಾಗಿದ್ದ ಸಾಮಾನನ್ನು ಚಾಪೆಯ ಮೇಲೆ ಸುರಿದರು. ತೀರ್ಥದ ಬಾಟಲಿಯನ್ನು ಎತ್ತಿ ಬೇರೆ ಇಟ್ಟರು.

ಗೊಂಚಲಿನಿಂದ ಪಿನ್ನು ತೆಗೆದಾಗ ಒಬ್ಬೊಬ್ಬರೂ ತಮ್ಮ ದಾರ ಎತ್ತಿಕೊಂಡರು. ಯಾರಿಗೂ ಗೊಂದಲವಾಗಲಿಲ್ಲ. ದಾರವನ್ನು ಪೊಟ್ಟಣದ ಬಳೆಯ ಮೇಲಿಟ್ಟು ನೋಡಿ, ಹೊಂದಿದ್ದನ್ನು ತೆಗೆದುಕೊಂಡರು. ಟೊಮೆಟೊ ಹುರಿಯವಳು, "ಅಣ್ಣ ಎಷ್ಟ್ ಸರ್ಯಾಗಿ ತಂದವ್ನೆ ನೋಡು. ನನ್ ಗಂಡ ಆಗಿದ್ರೆ ಒಂದೂ ಕೈಗೆ ಹತ್ತಕ್ಕಿಲ್ಲ" ಎಂದಳು. ಯಾರೋ ನಕ್ಕು ತಕ್ಷಣ ಸುಮ್ಮನಾದರು. ಗಾಡಿ ಹೊಡೆದರೂ ಚೀಲದಲ್ಲಿ ಒಡೆದದ್ದು ಮೂರೇ ಬಳೆ; ಪಂಚೆಯಲ್ಲಿ ಸುತ್ತಿಟ್ಟಿದ್ದರು.

ಹನ್ನೊಂದು ಪೊಟ್ಟಣ ಹೋದವು. ಒಂದು ಚಾಪೆಯ ಮೇಲೆ ಉಳಿಯಿತು. ನನ್ನ ಪುಸ್ತಕದ ಪ್ರಶ್ನೆ ಚಿಹ್ನೆ ನೆನಪಾಯಿತು.

"ಇದ್ಯಾರ್ದು?" ತಮ್ಮನ ಮಗ ಅದನ್ನು ಎತ್ತಿ ಹಿಡಿದ. "ದಾರಾನೇ ಇಲ್ವಲ್ಲ ಇದ್ಕೆ."

ಟೊಮೆಟೊ ಹುರಿಯವಳು ಮುಖ ತಿರುಗಿಸಿದಳು.

"ತಾ ಇಲ್ಲಿ" ಎಂದರು ದೊಡ್ಡವ್ವ. "ನಾನ್ ದಾರ ಕೊಟ್ಟಿರ್ಲಿಲ್ಲ. ನನ್ಗೇನ್ ಬ್ಯಾಡ ಅಂದಿದ್ದೆ."

ಪೊಟ್ಟಣ ಬಿಚ್ಚಿದರು. ಕಡು ಹಸಿರು ಗಾಜು. ಒಂದನ್ನು ತೆಗೆದು, ಬೋಳಾಗಿದ್ದ ಎಡಗೈಯ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣಿನವರೆಗೆ ಏರಿಸಿದರು. ಇನ್ನು ಸ್ವಲ್ಪ ಒತ್ತಿದ್ದರೆ ದಾಟುತ್ತಿತ್ತು. ಅಲ್ಲಿಗೇ ನಿಲ್ಲಿಸಿ, ನೋಡಿ, ಮೆಲ್ಲಗೆ ಹೊರಕ್ಕೆ ಎಳೆದರು. ಅದೇ ಅಂಗಡಿಯ ಕಾಗದದಲ್ಲಿ, ಅದೇ ಮಡಿಕೆಗಳಂತೆ ಮತ್ತೆ ಸುತ್ತಿದರು.

"ಅಳ್ತೆ ಸರ್ಯಾಗೈತೆ" ಎಂದರು.